ತಂತ್ರವಿದ್ಯೆಗೆ ಸರಕಾರದ ನೆರವು ಮತ್ತು ಶಾಲೆಯ ದಾಖಲೆಪುಸ್ತಕ

ವಿದ್ಯೆಗೆ ಆಶ್ರಯ ಬೇಕೆಂಬುದು ಹೊಸ ಮಾತಲ್ಲ. ಹಿಂದಿನ ಕಾಲದಲ್ಲಿ ಕವಿಗೆ, ಶಿಲ್ಪಿಗೆ, ವೈದ್ಯನಿಗೆ ಅರಸರ ಆಶ್ರಯವಿತ್ತು. ವಿದ್ಯಾರ್ಥಿಗಳ ಅಶನ ವಸನಗಳಿಗಾಗಿ ಭೂಮಿಯನ್ನು ದತ್ತಿ ಬಿಟ್ಟ ಶಾಸನಗಳು ನಮ್ಮ ನಾಡಿನಲ್ಲಿ ಹೇರಳವಾಗಿ ದೊರೆಯುತ್ತವೆ. ಅರಸೊತ್ತಿಗೆ ಅಳಿದು ಪ್ರಜಾಪ್ರಭುತ್ವವು ನೆಲೆಗೊಂಡ ಮೇಲೆ ಆ ಹೊಣೆಯು ಸರಕಾರದ ಹೆಗಲೇರಿತು. ಮಠಗಳು ತಮ್ಮ ದಾಸೋಹ ಪರಂಪರೆಯಿಂದ ಅದಕ್ಕೆ ಹೆಗಲು ಕೊಟ್ಟವು.

ಈ ಸ್ಮರಣ ಸಂಚಿಕೆಯನ್ನು ಓದುವ ಪಾಲಕರಲ್ಲಿ ಬಹುಮಂದಿ ಒಕ್ಕಲುತನದವರು, ನೇಕಾರರು, ಸಣ್ಣ ವ್ಯಾಪಾರಿಗಳು. ಮಗನೋ ಮಗಳೋ ಇಂಜಿನಿಯರ್ ಆಗಬೇಕು, ಗಣಕಯಂತ್ರದ ಕೆಲಸಕ್ಕೆ ಸೇರಬೇಕು ಎಂಬ ಆಸೆ ಪ್ರತಿ ಮನೆಯಲ್ಲಿಯೂ ಇದೆ. ಹನುಮಸಾಗರ ಹೋಬಳಿಯ ಇಂಥ ಮಕ್ಕಳಿಗಾಗಿ ಸರಕಾರವು ಯಾವ ಯಾವ ನೆರವನ್ನು ಇಟ್ಟಿದೆ, ಅದು ಕೈಗೆ ಬರಬೇಕಾದರೆ ನಮ್ಮ ಕಡೆಯಿಂದ ಏನು ನಡೆಯಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಕನ್ನಡ ಪಂಡಿತನಿಗೂ ತಂತ್ರವಿದ್ಯೆಗೂ ಎತ್ತಣ ಸಂಬಂಧವೆಂದು ಕೇಳುವವರಿಗೆ ಕೊನೆಯಲ್ಲಿ ಉತ್ತರ ಹೇಳುವೆನು.

ಒಂದು ಪೂರ್ವ ನಿದರ್ಶನ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಅವರು ಸರಕಾರದ ವಿದ್ಯಾರ್ಥಿವೇತನದಿಂದ ಓದಿದವರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು 1881ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಮುಂದೆ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಲು ಅವರಲ್ಲಿ ಹಣವಿರಲಿಲ್ಲ. ಮೈಸೂರು ಸರಕಾರವು ವಿದ್ಯಾರ್ಥಿವೇತನವನ್ನು ಮಂಜೂರು ಮಾಡಿತು. 1883ರಲ್ಲಿ ಅವರು ಪ್ರಥಮ ಸ್ಥಾನದಲ್ಲಿ ತೇರ್ಗಡೆಯಾದರು.

ಈ ಕಥೆಯ ಉತ್ತರಾರ್ಧ ಇನ್ನೂ ಮುಖ್ಯವಾದುದು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಅವರ ಕಾಲದಲ್ಲಿಯೇ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜೂ ಸ್ಥಾಪನೆಯಾದವು. ತಾವು ಓದಲು ಹೊರನಾಡಿಗೆ ಹೋಗಬೇಕಾಗಿದ್ದ ವಿದ್ಯೆಯನ್ನು ಅವರು ನಾಡಿನ ಮಕ್ಕಳ ಬಾಗಿಲಿಗೇ ತಂದರು. ಒಬ್ಬ ಬಡ ವಿದ್ಯಾರ್ಥಿಗೆ ಕೊಟ್ಟ ವೇತನವು ಮೂವತ್ತೈದು ವರ್ಷಗಳೊಳಗೆ ಒಂದು ಕಾಲೇಜಾಗಿ ಮರಳಿ ಬಂದಿತು.

ನಮ್ಮ ಸೀಮೆಯ ಹಿನ್ನೆಲೆ

ಮೈಸೂರಿನಲ್ಲಿ ಹೀಗೆ ನಡೆದಾಗ ನಮ್ಮ ಕುಷ್ಟಗಿ ಸೀಮೆಯು ನಿಜಾಮರ ಆಳ್ವಿಕೆಯಲ್ಲಿ ರಾಯಚೂರು ಜಿಲ್ಲೆಗೆ ಸೇರಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದು ಬೋಧನ ಮಾಧ್ಯಮವಾಗಿತ್ತು. ಮನೆಯಲ್ಲಿ ಕನ್ನಡವಾಡುವ ಹುಡುಗನು ಮೇಲಕ್ಕೆ ಓದಬೇಕಾದರೆ ಮೊದಲು ಭಾಷೆಯ ಬೆಟ್ಟವನ್ನು ಹತ್ತಬೇಕಾಗಿತ್ತು. 1948ರ ಸೆಪ್ಟೆಂಬರದಲ್ಲಿ ವಿಮೋಚನೆಯೂ 1956ರ ನವೆಂಬರ 1ರಂದು ಏಕೀಕರಣವೂ ಆದವು. ಬಳಿಕ 1958ರಲ್ಲಿ ಕಲಬುರಗಿಯ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ನೆರೆಯ ಮುಂಬಯಿ ಕರ್ನಾಟಕದಲ್ಲಿ ಹುಬ್ಬಳ್ಳಿಗೆ 1947ರಲ್ಲಿಯೇ ಬಿ.ವ್ಹಿ. ಭೂಮರಡ್ಡಿ ಕಾಲೇಜು ಬಂದಿತ್ತು. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರಲ್ಲಿ ಆರಂಭವಾಯಿತು. ಇವೆಲ್ಲವೂ ಸಮಾಜದ ಹಿರಿಯರು ಕಟ್ಟಿದ ವಿದ್ಯಾಸಂಸ್ಥೆಗಳೆಂಬುದು ಗಮನಾರ್ಹ.

ಆದರೂ ಹಿಂದುಳಿಯುವಿಕೆ ಅಳಿಯಲಿಲ್ಲ. 2002ರಲ್ಲಿ ವರದಿಯನ್ನು ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ ಮೂವತ್ತೊಂಬತ್ತರಲ್ಲಿ ನಮ್ಮ ಕುಷ್ಟಗಿಯೂ ನೆರೆಯ ಯಲಬುರ್ಗಿಯೂ ಸೇರಿದ್ದವು.

ಇಲ್ಲಿ ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ ನಮ್ಮೊಡನಿದ್ದ ತೆಲಂಗಾಣದ ಜನರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ವಿಶೇಷ ರಕ್ಷಣೆ ನೀಡುವ 371(ಡಿ) ವಿಧಿಯು 1974ರಲ್ಲಿಯೇ ಜಾರಿಗೆ ಬಂದಿತು. ಅದೇ ಬಗೆಯ ರಕ್ಷಣೆಯು 371(ಜೆ) ವಿಧಿಯ ರೂಪದಲ್ಲಿ ನಮಗೆ ದೊರೆತದ್ದು ಸಂವಿಧಾನದ 98ನೆಯ ತಿದ್ದುಪಡಿಯಿಂದ, 2013ರಲ್ಲಿ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಉಣಬಡಿಸಿ ಮೂವತ್ತೊಂಬತ್ತು ವರ್ಷಗಳ ನಂತರ ಇನ್ನೊಬ್ಬನಿಗೆ ಎಲೆ ಹಾಕಿದಂತಾಯಿತು. ಇಷ್ಟು ಕಾಯ್ದು ಪಡೆದುದನ್ನು ನಮ್ಮ ಅಜಾಗ್ರತೆಯಿಂದ ಕಳೆದುಕೊಳ್ಳಬಾರದು.

ಇಂದು ದೊರೆಯುವ ನೆರವನ್ನು ಮೂರು ಶಬ್ದಗಳಲ್ಲಿ ಸಂಗ್ರಹಿಸಬಹುದು: ಮೀಸಲು, ವೇತನ, ಸಾಲ. ಪಂಡಿತನ ರೂಢಿಯಂತೆ ಶಬ್ದದ ಅರ್ಥದಿಂದಲೇ ಆರಂಭಿಸುವೆನು.

1. ಮೀಸಲು

ನಮ್ಮ ಮನೆಗಳಲ್ಲಿ ದೇವರಿಗೆಂದು ಎತ್ತಿಟ್ಟ ನೀರು ಮೀಸಲು ನೀರು. ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ಮೀಸಲೆಂದರೆ ಇಂಥವರಿಗೇ ಎಂದು ಎತ್ತಿಟ್ಟದ್ದು.

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಡೊನೇಶನ್ ಕೊಟ್ಟವರಿಗೇ ಸೀಟು ಎಂಬ ಕಾಲವೊಂದಿತ್ತು. ಅದನ್ನು ನಿಷೇಧಿಸುವ ಕಾನೂನನ್ನು ಕರ್ನಾಟಕವು 1984ರಲ್ಲಿ ಮಾಡಿತು. 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ., ಆರಂಭವಾಗಿ, ಅಂಕದ ಬಲದಿಂದ ಸರಕಾರಿ ಶುಲ್ಕದಲ್ಲಿ ಸೀಟು ಪಡೆಯುವ ದಾರಿ ಬಡವರ ಮಕ್ಕಳಿಗೂ ತೆರೆಯಿತು. ಜಾತಿ ವರ್ಗಗಳ ಮೀಸಲಾತಿಯು ಎಲ್ಲರಿಗೂ ತಿಳಿದುದೇ ಆಗಿದೆ. ಅದಲ್ಲದೆ ನಮ್ಮ ಮಕ್ಕಳಿಗೆ ಒದಗುವ ಬೇರೆ ನಾಲ್ಕು ಸೌಲಭ್ಯಗಳಿವೆ.

ಮೊದಲನೆಯದು 371(ಜೆ). ಕಲ್ಯಾಣ ಕರ್ನಾಟಕದ ವೃತ್ತಿಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿ ಶೇಕಡಾ 70 ಈ ಭಾಗದವರಿಗೆ ಮೀಸಲು. ರಾಜ್ಯದ ಇತರ ಭಾಗಗಳಲ್ಲಿರುವ ರಾಜ್ಯಮಟ್ಟದ ಸಂಸ್ಥೆಗಳಲ್ಲಿಯೂ ಶೇಕಡಾ 8ರಷ್ಟು ನಮ್ಮವರಿಗುಂಟು. ಇದಕ್ಕೆ ಉಪವಿಭಾಗಾಧಿಕಾರಿಗಳು ಕೊಡುವ ಅರ್ಹತಾ ಪ್ರಮಾಣಪತ್ರ ಅವಶ್ಯಕ.

ಎರಡನೆಯದು ಗ್ರಾಮೀಣ ಮೀಸಲು, ಶೇಕಡಾ 15. ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಪೂರ್ಣ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಇದು ಸಲ್ಲುತ್ತದೆ.

ಮೂರನೆಯದು ಕನ್ನಡ ಮಾಧ್ಯಮದ ಮೀಸಲು, ಶೇಕಡಾ 5. ಇದಕ್ಕೂ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿಯೇ ಕಲಿತಿರಬೇಕು.

ಪಾಲಕರು ಇಲ್ಲಿ ಸ್ವಲ್ಪ ನಿಂತು ಆಲೋಚಿಸಬೇಕು. ಮಗುವು ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳು ವರ್ಷ ಓದಿರುತ್ತದೆ. ನೆರೆಯವರನ್ನು ನೋಡಿ, ಎಂಟನೆಯ ತರಗತಿಗೆ ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸುತ್ತೇವೆ. ಆ ಒಂದು ಹೆಜ್ಜೆಯಿಂದ ಎರಡೂ ಮೀಸಲುಗಳು ಕೈತಪ್ಪುತ್ತವೆ. ಹಿಂದಿನ ಏಳು ವರ್ಷಗಳು ಲೆಕ್ಕಕ್ಕೆ ಬಾರವು. ಪಟ್ಟಣದ ಶಾಲೆ ಬೇಡವೆಂದು ನಾನು ಹೇಳುತ್ತಿಲ್ಲ. ಲಾಭ ನಷ್ಟಗಳನ್ನು ತೂಗಿ ನೋಡಿ ಹೆಜ್ಜೆಯಿಡಿರೆಂದಷ್ಟೇ ನನ್ನ ಬಿನ್ನಹ. ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದು ಕುಂದೆಂದು ಎಷ್ಟೋ ಮಕ್ಕಳು ತಲೆ ತಗ್ಗಿಸುತ್ತಾರೆ. ಸರಕಾರದ ನಿಯಮವು ಅದನ್ನೇ ಒಂದು ಅರ್ಹತೆಯೆಂದು ಎಣಿಸಿದೆ.

ನಾಲ್ಕನೆಯದು, ಮಂಜೂರಾದ ಸೀಟುಗಳ ಮೇಲೆ ಶೇಕಡಾ 5ರಷ್ಟು ಹೆಚ್ಚುವರಿಯಾಗಿ ಇಡುವ ಬೋಧನ ಶುಲ್ಕ ವಿನಾಯಿತಿಯ ಸೀಟುಗಳು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಳೊಳಗಿರುವ ಪ್ರತಿಭಾವಂತರಿಗೆ ಇವು ದೊರೆಯುತ್ತವೆ. ಬೋಧನ ಶುಲ್ಕ ಮಾತ್ರ ಮನ್ನಾ. ಉಳಿದ ಶುಲ್ಕಗಳನ್ನು ಕಟ್ಟಬೇಕು.

2. ವೇತನ

‘ವಿದ್ಯಾರ್ಥಿವೇತನ’ ಎಂಬ ಸಮಾಸವನ್ನು ಗಮನಿಸಿರಿ. ಅದು ವಿದ್ಯಾರ್ಥಿದಾನವಲ್ಲ, ವಿದ್ಯಾರ್ಥಿಭಿಕ್ಷೆಯೂ ಅಲ್ಲ. ವೇತನವೆಂದರೆ ದುಡಿಮೆಗೆ ಸಲ್ಲುವ ಪ್ರತಿಫಲ. ಓದುವುದು ವಿದ್ಯಾರ್ಥಿಯ ಕಾಯಕ. ಆ ಕಾಯಕಕ್ಕೆ ಸಮಾಜವು ಸಲ್ಲಿಸುವ ಸಂಬಳವೇ ಈ ವೇತನ. ಆದುದರಿಂದ ಅರ್ಜಿ ಹಾಕಲು ನಾಚಬೇಕಾಗಿಲ್ಲ. ಪಡೆದ ಮೇಲೆ ಓದದಿದ್ದರೆ ಮಾತ್ರ ನಾಚಬೇಕು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು 1944ರಷ್ಟು ಹಿಂದೆಯೇ ಆರಂಭವಾಯಿತು. ಇಂದು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಎಂಬ ಭೇದದಿಂದ ಬೇರೆ ಬೇರೆ ಇಲಾಖೆಗಳು ಇಂಥ ವೇತನಗಳನ್ನು ಕೊಡುತ್ತವೆ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಸರಕಾರಿ ವಸತಿನಿಲಯದಲ್ಲಿ ಸ್ಥಳ ದೊರೆಯದಿದ್ದರೆ ಊಟ ವಸತಿಗೆಂದು ‘ವಿದ್ಯಾಸಿರಿ’ ಯೋಜನೆಯು 2013-14ರಲ್ಲಿ ಆರಂಭವಾಯಿತು. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಎಂದು ಅದನ್ನು ನಿಗದಿಪಡಿಸಲಾಯಿತು. 2021ರಲ್ಲಿ ಘೋಷಿತವಾದ ‘ರೈತ ವಿದ್ಯಾನಿಧಿ’ಯಲ್ಲಿ ಒಕ್ಕಲಿಗರ ಮಕ್ಕಳಿಗೆ, ಐ.ಟಿ.ಐ. ಮತ್ತು ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ರೂಪಾಯಿಯೆಂದೂ, ಇಂಜಿನಿಯರಿಂಗ್ ಓದುವವರಿಗೆ ಕ್ರಮವಾಗಿ 10,000 ಮತ್ತು 11,000 ರೂಪಾಯಿಯೆಂದೂ ಗೊತ್ತುಪಡಿಸಲಾಗಿತ್ತು.

ಹೆಣ್ಣುಮಕ್ಕಳ ತಂದೆತಾಯಿಗಳು ವಿಶೇಷವಾಗಿ ತಿಳಿದಿರಬೇಕಾದುದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ‘ಪ್ರಗತಿ’ ವಿದ್ಯಾರ್ಥಿವೇತನ. ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಪದವಿಗೆ ಸೇರಿದ, ಕುಟುಂಬದ ಆದಾಯ 8 ಲಕ್ಷದೊಳಗಿರುವ ಹುಡುಗಿಯರಲ್ಲಿ ಆಯ್ಕೆಯಾದವರಿಗೆ ವರ್ಷಕ್ಕೆ 50,000 ರೂಪಾಯಿ ದೊರೆಯುತ್ತದೆ. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಇದನ್ನು ಪಡೆಯಬಹುದು. ಅಂಗವಿಕಲ ವಿದ್ಯಾರ್ಥಿಗಳಿಗೆ ಇದೇ ಪರಿಷತ್ತಿನ ‘ಸಕ್ಷಮ’ ಎಂಬ ವೇತನವಿದೆ. ಓದಿಸಲು ಶಕ್ತಿಯಿಲ್ಲವೆಂದು ಮಗಳನ್ನು ಹತ್ತನೆಯ ತರಗತಿಗೆ ಬಿಡಿಸುವ ಮುನ್ನ ಈ ಹೆಸರುಗಳನ್ನು ಒಮ್ಮೆ ನೆನೆಯಿರಿ.

3. ಸಾಲ

ಸಾಲವೆಂದರೆ ನಮ್ಮ ಜನ ಬೆಚ್ಚುವರು. ಅದು ಸಹಜವೂ ಹೌದು. ಮಳೆಯನ್ನೇ ನಂಬಿದ ಈ ಭೂಮಿಯಲ್ಲಿ ಸಾಲವು ಎಷ್ಟು ಮನೆಗಳನ್ನು ಮುರಿದಿದೆಯೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಬಡ್ಡಿ ವ್ಯಾಪಾರಿಯ ಸಾಲ ಬೇರೆ, ವಿದ್ಯೆಗಾಗಿ ಸರಕಾರದ ನಿಗಮವು ಕೊಡುವ ಸಾಲ ಬೇರೆ. ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆಯಲ್ಲಿ ಸಿ.ಇ.ಟಿ. ಮೂಲಕ ವೃತ್ತಿಶಿಕ್ಷಣಕ್ಕೆ ಸೇರಿದವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಶೇಕಡಾ 2ರ ಬಡ್ಡಿಯಲ್ಲಿ ಸಾಲ ಕೊಡುವ ವ್ಯವಸ್ಥೆಯಿದೆ. 2020ರಲ್ಲಿ ಘೋಷಿತವಾದ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮವು ‘ಬಸವ ಬೆಳಗು’ ಎಂಬ ಹೆಸರಿನಲ್ಲಿ ಶೈಕ್ಷಣಿಕ ಸಾಲದ ಯೋಜನೆಯನ್ನು ತಂದಿತು. 2024ರ ನವೆಂಬರದಲ್ಲಿ ಕೇಂದ್ರ ಸರಕಾರವು ಒಪ್ಪಿಗೆ ನೀಡಿದ ‘ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ’ ಯೋಜನೆಯಲ್ಲಿ, ಆಯ್ದ ಉತ್ತಮ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಆಸ್ತಿಯ ಒತ್ತೆಯಾಗಲಿ ಜಾಮೀನಾಗಲಿ ಇಲ್ಲದೆ ಬ್ಯಾಂಕಿನ ಸಾಲ ದೊರೆಯುತ್ತದೆ.

ಹೊಲವನ್ನು ಒತ್ತೆಯಿಡುವ ಮುನ್ನ ಈ ಬಾಗಿಲುಗಳನ್ನು ತಟ್ಟಿ ನೋಡಬೇಕು. ಆದರೆ ಸಾಲವು ಸಾಲವೇ. ಓದು ಮುಗಿದ ಬಳಿಕ ತೀರಿಸಿದರೆ ಮಾತ್ರ ಅದೇ ಹಣವು ಇನ್ನೊಂದು ಮಗುವಿಗೆ ಒದಗುತ್ತದೆ.

4. ಕಲಿತ ಮೇಲೆ

ಎಲ್ಲರೂ ಇಂಜಿನಿಯರೇ ಆಗಬೇಕೆಂಬ ಹಟ ಸಲ್ಲದು. ಹತ್ತನೆಯ ತರಗತಿಯ ನಂತರ ಐ.ಟಿ.ಐ. ಇದೆ, ಮೂರು ವರ್ಷದ ಡಿಪ್ಲೊಮಾ ಇದೆ. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ನಮ್ಮ ಜಿಲ್ಲೆಯ ತಳಕಲ್ಲಿನಲ್ಲಿಯೇ ಈಗ ಸರಕಾರಿ ಇಂಜಿನಿಯರಿಂಗ್ ಕಾಲೇಜಿದೆ. ರಾಜ್ಯದ 150 ಸರಕಾರಿ ಐ.ಟಿ.ಐ.ಗಳನ್ನು ಹೊಸ ಯಂತ್ರೋಪಕರಣಗಳಿಂದ ಉನ್ನತೀಕರಿಸಿ 2022ರಲ್ಲಿ ಲೋಕಾರ್ಪಣೆ ಮಾಡಲಾಯಿತು.

ಕಲಿತವನಿಗೆ ಕೈಪಳಗುವವರೆಗೆ ಕಾರ್ಖಾನೆಯಲ್ಲಿ ಭತ್ಯೆ ಸಹಿತವಾಗಿ ಶಿಶಿಕ್ಷು ತರಬೇತಿಯನ್ನು ಕೊಡಬೇಕೆಂದು 1961ರ ಕಾಯಿದೆಯು ವಿಧಿಸುತ್ತದೆ. ಉದ್ಯೋಗ ದೊರೆಯದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯಂತೆ ಎರಡು ವರ್ಷ ಮೀರದಂತೆ ಕೊಡುವ ‘ಯುವನಿಧಿ’ಯು 2024ರ ಜನವರಿಯಲ್ಲಿ ಜಾರಿಗೆ ಬಂದಿತು. ಸ್ವಂತ ಉದ್ಯಮವನ್ನು ಕಟ್ಟಬಯಸುವವರಿಗಾಗಿ ರಾಜ್ಯವು 2015ರಲ್ಲಿ ನವೋದ್ಯಮ ನೀತಿಯನ್ನು ಪ್ರಕಟಿಸಿತು. ಹೊಸ ಆಲೋಚನೆಗಳನ್ನು ಪರೀಕ್ಷಿಸಿ ಮೂಲಧನವನ್ನು ನೀಡುವ ‘ಎಲಿವೇಟ್’ ಕಾರ್ಯಕ್ರಮವೂ ಉಂಟು. ಭಾನಾಪುರದ ಆಟಿಕೆಗಳ ಕಾರ್ಖಾನೆ ಸಮುಚ್ಚಯವನ್ನು ಕಂಡವರಿಗೆ, ತಂತ್ರವಿದ್ಯೆಯ ಉದ್ಯೋಗವೆಂದರೆ ಬೆಂಗಳೂರು ಮಾತ್ರವಲ್ಲವೆಂಬುದು ತಿಳಿದೀತು.

5. ದಾಖಲೆಪುಸ್ತಕ

ಇಷ್ಟೆಲ್ಲ ನೆರವಿದ್ದರೂ ಅದು ನಮ್ಮ ಮಕ್ಕಳಿಗೆ ಏಕೆ ತಪ್ಪುತ್ತದೆ? ಬುದ್ಧಿ ಸಾಲದೆ ತಪ್ಪಿದ್ದಕ್ಕಿಂತ ಕಾಗದ ಸರಿಯಿಲ್ಲದೆ ತಪ್ಪಿದ್ದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಅಂಥ ಒಂದು ತಪ್ಪು ನನ್ನ ಕೈಯಿಂದಲೇ ಆದದ್ದು.

ಬಹಳ ವರ್ಷಗಳ ಹಿಂದೆ, ಬೇರೊಂದು ಶಾಲೆಯಲ್ಲಿ, ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟುವ ಮಕ್ಕಳ ಹೆಸರಿನ ಪಟ್ಟಿಯನ್ನು ಬರೆಯುವ ಕೆಲಸ ನನ್ನದಾಗಿತ್ತು. ಒಬ್ಬ ಹುಡುಗನ ಹೆಸರು ಹಳ್ಳಿಯ ಉಚ್ಚಾರದಲ್ಲಿತ್ತು. ಅವನ ಹೆಸರು ಇಲ್ಲಿ ಬೇಡ; ಈರಪ್ಪನೆಂಬುದನ್ನು ವೀರಭದ್ರಯ್ಯನೆಂದು ಬರೆದಂತೆ ಎಂದುಕೊಳ್ಳಿರಿ. ಶುದ್ಧರೂಪದ ಮೋಹದಿಂದ ನಾನು ಅದನ್ನು ತಿದ್ದಿದೆ. ತಿದ್ದಿದ್ದೇನೆಂಬ ಹೆಮ್ಮೆಯೂ ನನಗಿತ್ತು.

ಹುಡುಗನು ಪಿ.ಯು.ಸಿ. ವಿಜ್ಞಾನದಲ್ಲಿ ಚೆನ್ನಾಗಿ ತೇರ್ಗಡೆಯಾಗಿ ಸಿ.ಇ.ಟಿ.ಯಲ್ಲಿ ಒಳ್ಳೆಯ ಸ್ಥಾನವನ್ನೇ ಪಡೆದನು. ದಾಖಲೆಗಳ ಪರಿಶೀಲನೆಯ ದಿನ ಒಂದರಿಂದ ಏಳರವರೆಗಿನ ವ್ಯಾಸಂಗ ಪ್ರಮಾಣಪತ್ರದಲ್ಲಿ ಒಂದು ಹೆಸರು, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು. ಇಬ್ಬರೂ ಒಬ್ಬನೇ ಎಂಬುದಕ್ಕೆ ಆಧಾರವೇನೆಂದು ಅಧಿಕಾರಿಗಳು ಕೇಳಿದರು. ಅವರು ಕೇಳಿದ್ದು ನ್ಯಾಯವೇ ಆಗಿತ್ತು. ಪ್ರಮಾಣಪತ್ರ ಮಾಡಿಸಿ, ಊರಿಗೆ ಬಂದು ಸಹಿ ಮಾಡಿಸಿಕೊಂಡು ಹೋಗುವಷ್ಟರಲ್ಲಿ ಅವಧಿ ಮೀರಿತು. ಗ್ರಾಮೀಣ ಮೀಸಲು ತಪ್ಪಿತು. ಅವನಿಗೆ ನಿಲುಕುವ ಶುಲ್ಕದ ಸೀಟು ಸಿಗಲಿಲ್ಲ. ಅವನು ಡಿಪ್ಲೊಮಾಕ್ಕೆ ಸೇರಿ, ಅಲ್ಲಿಂದ ಪದವಿಗೆ ಹೋದನು. ನಾಲ್ಕು ವರ್ಷದ ದಾರಿ ಆರು ವರ್ಷದ್ದಾಯಿತು. ಆ ಎರಡು ವರ್ಷಗಳ ಖರ್ಚಿಗೆ ಅವನ ತಂದೆ ಎತ್ತಿನ ಜೋಡಿಯನ್ನು ಮಾರಿದರು.

ಈಗ ಅವನು ಒಳ್ಳೆಯ ಉದ್ಯೋಗದಲ್ಲಿದ್ದಾನೆ. ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಬಂದು ನಮಸ್ಕರಿಸಿ, “ಗುರುಗಳ, ನನ್ನ ತಮ್ಮ ಈ ವರ್ಷ ಹತ್ತನೇತ್ತ ಅದಾನ್ರಿ. ಅವನ ಹೆಸರು ಮಾತ್ರ ತಿದ್ದಬ್ಯಾಡ್ರಿ” ಎಂದನು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದುದರಿಂದಲೇ ಅದು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

ವ್ಯಾಕರಣವನ್ನು ಓದಿದ ನನಗೆ ತಿಳಿದಿರಬೇಕಾಗಿತ್ತು. ತದ್ಭವವು ಅಶುದ್ಧವಲ್ಲ, ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅದಕ್ಕೆಂದೇ ಒಂದು ಪ್ರಕರಣವನ್ನು ಬರೆದಿದ್ದಾನೆ. ನಾವು ನಿತ್ಯ ನೆನೆಯುವ ‘ಬಸವ’ ಎಂಬ ನಾಮವೇ ‘ವೃಷಭ’ ಶಬ್ದದ ತದ್ಭವ. ಅದನ್ನು ತಿದ್ದಲು ಯಾರಾದರೂ ಮುಂದಾದಾರೇ? ಹೆತ್ತವರು ಇಟ್ಟ ಹೆಸರನ್ನು ಇಟ್ಟಂತೆಯೇ ಬರೆಯುವುದು ಶಿಕ್ಷಕನ ಧರ್ಮ. ಕನ್ನಡ ಪಂಡಿತನಿಗೂ ತಂತ್ರವಿದ್ಯೆಗೂ ಏನು ಸಂಬಂಧವೆಂಬ ಪ್ರಶ್ನೆಗೆ ಇದೇ ನನ್ನ ಉತ್ತರ. ಒಂದನೆಯ ತರಗತಿಯ ದಾಖಲೆಪುಸ್ತಕದಲ್ಲಿ ಬರೆದ ಅಕ್ಷರವು ಹನ್ನೆರಡು ವರ್ಷಗಳ ನಂತರ ಇಂಜಿನಿಯರಿಂಗ್ ಕಾಲೇಜಿನ ಬಾಗಿಲನ್ನು ತೆರೆಯುತ್ತದೆ, ಇಲ್ಲವೆ ಮುಚ್ಚುತ್ತದೆ.

ಪಾಲಕರಿಗೂ ವಿದ್ಯಾರ್ಥಿಗಳಿಗೂ ಕೆಲವು ಸೂಚನೆಗಳು

ಶಾಲೆಗೆ ಸೇರಿಸುವ ದಿನ ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಜನ್ಮದಿನಾಂಕಗಳನ್ನು ಜನನ ಪ್ರಮಾಣಪತ್ರದಲ್ಲಿರುವಂತೆಯೇ ಬರೆಸಿರಿ. ಆಧಾರ್ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಅಂಕಪಟ್ಟಿ ಇವುಗಳಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದಕ್ಷರವೂ ವ್ಯತ್ಯಾಸವಾಗದಂತೆ ನೋಡಿಕೊಳ್ಳಿರಿ. ವಿದ್ಯಾರ್ಥಿವೇತನವು ಇಂದು ಆಧಾರ್ ಜೋಡಣೆಯಾದ ಖಾತೆಗೇ ಜಮೆಯಾಗುವುದರಿಂದ, ಹೆಸರು ಕೂಡದಿದ್ದರೆ ಮಂಜೂರಾದ ಹಣವೂ ಕೈಗೆ ಬಾರದು.

ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳಿಸುವ ಮುನ್ನ ಪಟ್ಟಿಯನ್ನು ಕಣ್ಣಾರೆ ನೋಡಿ ಸಹಿ ಮಾಡಿರಿ. ತಪ್ಪಿದ್ದರೆ ಆಗಲೇ ಸರಿಪಡಿಸುವುದು ಸುಲಭ.

ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ, 371(ಜೆ) ಪ್ರಮಾಣಪತ್ರಕ್ಕೆ ಉಪವಿಭಾಗಾಧಿಕಾರಿಗಳಿಗೆ ಪಿ.ಯು.ಸಿ. ಮೊದಲ ವರ್ಷದಲ್ಲಿಯೇ ಅರ್ಜಿ ಸಲ್ಲಿಸಿರಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿಯೊಡನೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಪ್ರತಿಯೊಂದು ಶಾಲೆಯದೂ ಬೇಕು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಓಡಾಡಿದರೆ ಊರೆಲ್ಲ ಅದೇ ಸಾಲಿನಲ್ಲಿ ನಿಂತಿರುತ್ತದೆ.

ಯೋಜನೆಗಳ ಮೊತ್ತ, ಆದಾಯದ ಮಿತಿ, ಕೊನೆಯ ದಿನಾಂಕಗಳು ವರ್ಷ ವರ್ಷಕ್ಕೆ ಬದಲಾಗುವುದುಂಟು. ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನು ಶಾಲೆಗೆ ಬಂದು ಕೇಳಿರಿ. ಕೇಳಲು ಸಂಕೋಚ ಬೇಡ. ಹೇಳುವುದು ನಮ್ಮ ಕಾಯಕ.

ಉಪಸಂಹಾರ

ಶ್ರೀಮಠವು ಅನ್ನವನ್ನಿಕ್ಕಿ ಅಕ್ಷರವನ್ನು ಕಲಿಸಿತು. ಸರಕಾರವು ಮೀಸಲು, ವೇತನ, ಸಾಲಗಳೆಂಬ ಮೂರು ಮೆಟ್ಟಿಲುಗಳನ್ನು ಕಟ್ಟಿತು. ಹತ್ತಬೇಕಾದವರು ಮಕ್ಕಳು. ಆ ಮೆಟ್ಟಿಲಿನ ಬುಡದಲ್ಲಿ ನಿಂತು ಹೆಸರನ್ನು ಸರಿಯಾಗಿ ಬರೆದುಕೊಡಬೇಕಾದವರು ನಾವು ಶಿಕ್ಷಕರು.

ಪ್ರಿಯ ವಿದ್ಯಾರ್ಥಿಗಳೇ, ನೀವು ಪಡೆಯುವ ಪ್ರತಿಯೊಂದು ರೂಪಾಯಿಯ ಹಿಂದೆ ಯಾರೋ ಬೆವರು ಸುರಿಸಿದ್ದಾರೆ. ವಿಶ್ವೇಶ್ವರಯ್ಯನವರು ತಾವು ಪಡೆದುದನ್ನು ಒಂದು ಕಾಲೇಜಾಗಿ ಹಿಂದಿರುಗಿಸಿದರು. ನಿಮ್ಮಿಂದ ಅಷ್ಟು ದೊಡ್ಡದು ಆಗದಿರಬಹುದು. ಉದ್ಯೋಗ ದೊರೆತ ಮೇಲೆ ಒಮ್ಮೆ ಈ ಶಾಲೆಗೆ ಬಂದು, ನಿಮ್ಮ ಹಿಂದೆ ಬರುವ ಒಂದು ಮಗುವಿನ ಅರ್ಜಿಯನ್ನು ತುಂಬಿಕೊಟ್ಟರೂ ಸಾಕು; ಋಣವು ಅಷ್ಟು ಹಗುರವಾಗುತ್ತದೆ. ನಿಮಗೆಲ್ಲರಿಗೂ ಗುರುಕರುಣೆಯಿಂದ ಮಂಗಳವಾಗಲಿ.